ಲಿಸನಿಂಗ್ 6.5ಕ್ಕೇ ಸಿಕ್ಕಾಕೊಂಡಿದೆ, ದಿನಾ ಎರಡು ಮಾಕ್ ಟೆಸ್ಟ್ ಮಾಡಿದ್ರೂ ಅಲ್ಲೇ ಇದೀನಿ, ಏನ್ ಮಾಡ್ಲಿ?

ನೈಟ್‌ಡ್ಯೂಟಿ_ನರ್ಸಮ್ಮ
ಎಲ್ರಿಗೂ ನಮಸ್ಕಾರ. ಇಲ್ಲಿ ಐಇಎಲ್‌ಟಿಎಸ್, ಅದೇ ಫಾರಿನ್‌ಗೆ ಹೋಗೋರು ಬರೆಯೋ ಇಂಗ್ಲಿಷ್ ಪರೀಕ್ಷೆ, ಬರೆದೋರು ತುಂಬಾ ಜನ ಇದೀರ ಅಂತ ಕೇಳ್ತಿದೀನಿ. ನಾನು ಹಾಸನ ಕಡೆಯವಳು, ಬೆಂಗಳೂರಲ್ಲಿ ಐಸಿಯು ಸ್ಟಾಫ್ ನರ್ಸ್. ಯುಕೆಗೆ ಹೋಗ್ಬೇಕಂದ್ರೆ ಅಲ್ಲಿ ನರ್ಸ್‌ಗಳನ್ನ ರಿಜಿಸ್ಟರ್ ಮಾಡ್ಕೊಳ್ಳೋ ಎನ್‌ಎಂಸಿಯವರಿಗೆ ರೀಡಿಂಗ್, ಲಿಸನಿಂಗ್, ಸ್ಪೀಕಿಂಗ್ ಮೂರರಲ್ಲೂ 9ಕ್ಕೆ 7 ಬೇಕು, ರೈಟಿಂಗ್‌ಗೆ 6.5 ಸಾಕು. ಎಲ್ರೂ ಹೆದರಿಸಿದ್ದು ರೈಟಿಂಗ್ ಬಗ್ಗೆ, ನೋಡಿದ್ರೆ ಅದೇ ಮೊದಲು ಪಾಸಾಯ್ತು. ರೀಡಿಂಗು, ಸ್ಪೀಕಿಂಗೂ ಆಯ್ತು. ಲಿಸನಿಂಗ್ ಮಾತ್ರ ಎರಡು ಸಲ ಬರೆದ್ರೂ 6.5, 6.5.

ಮೂರು ತಿಂಗಳಿಂದ ದಿನಾ ಎರಡು ಮಾಕ್ ಟೆಸ್ಟ್ ಮಾಡ್ತಿದೀನಿ, ನೈಟ್ ಡ್ಯೂಟಿ ಮುಗಿಸಿ ಬಂದು ಪಿಜಿಯಲ್ಲಿ ಕಿವಿಗೆ ಇಯರ್‌ಫೋನ್ ಸಿಗಿಸ್ಕೊಂಡು ಕೂತ್ರೆ ರೂಮ್‌ಮೇಟ್ ಬೈತಾಳೆ ಆದ್ರೂ ಬಿಟ್ಟಿಲ್ಲ. 40ಕ್ಕೆ 26, 27, ಒಂದ್ಸಲ 29 ಬಂತು ಅಂತ ಖುಷಿಪಟ್ಟೆ, ಮಾರನೇ ದಿನ ಮತ್ತೆ 26. 30 ಬಂದ್ರೆ 7. ಮೂರೇ ಮೂರು ಮಾರ್ಕ್ಸು! ಅರ್ಥ ಆಗಲ್ಲ ಅಂತಲ್ಲ, ಉತ್ತರ ನೋಡಿದ್ಮೇಲೆ "ಥೂ, ಇದನ್ನೇ ತಾನೇ ಅಂದಿದ್ದು" ಅನ್ಸುತ್ತೆ. ಕೊನೇ ಭಾಗ ಪಾರ್ಟ್ 4ರಲ್ಲಂತೂ ಒಂದು ಖಾಲಿಜಾಗ ತಪ್ಪಿದ್ರೆ ಅದನ್ನೇ ಯೋಚಿಸ್ಕೊಂಡು ಮುಂದಿನ ಎರಡೂ ಹೋಗ್ಬಿಡುತ್ತೆ. ಒಂದೊಂದು ಸಲ ಬರೆಯೋಕೆ ಹದಿನೇಳು ಹದಿನೆಂಟು ಸಾವಿರ ಕಟ್ಬೇಕು, ಮನೇಲಿ ಮೂರನೇ ಸಲ ಕೇಳೋಕೆ ಮುಖ ಇಲ್ಲ. ಯಾವ ಆಪ್ ಚೆನ್ನಾಗಿದೆ, ಎಷ್ಟು ಟೆಸ್ಟ್ ಮಾಡಿದ್ರೆ ಆಗುತ್ತೆ ಹೇಳಿ ಪ್ಲೀಸ್.

ಫಿಲ್ಟರ್‌ಕಾಪಿ
ದಿನಾ ಬಿಬಿಸಿ ಕೇಳಿ ಮೇಡಂ. ತಾನಾಗೇ ಬರುತ್ತೆ.

ಮಂಡ್ಯದೈದ
ಅಲ್ಲ ಗುರು, "ತಾನಾಗೇ ಬರುತ್ತೆ" ಅಂತ ಹೇಳೋರಿಗೆಲ್ಲ ಮೊದ್ಲು ಸ್ಕೋರ್ ಕಾರ್ಡ್ ತೋರ್ಸಿ ಅನ್ಬೇಕು. ನಾನು ಆರು ತಿಂಗಳು ಅಡುಗೆ ಮಾಡ್ಕೊಂಡು ಬಿಬಿಸಿ ಕೇಳಿದೀನಿ, ಸಾರು ಚೆನ್ನಾಗ್ ಆಯ್ತಾ ಇತ್ತು, ಇಂಗ್ಲಿಷ್ ಅಲ್ಲೇ ಇತ್ತು.

ಕಡಲತಡಿ
ನಂಗೆ ಗೊತ್ತಿದ್ದ ಹಾಗೆ ಒಂದೊಂದು ಆಡಿಯೋನೂ ಎರಡೆರಡು ಸಲ ಕೇಳಿಸ್ತಾರಲ್ಲ? ಮೊದಲ ಸಲ ಸುಮ್ನೆ ಕೇಳಿ, ಎರಡನೇ ಸಲ ಬರೀರಿ ಮಾರಾಯ್ರೇ.

ಲೆಸ್ಟರ್‌ನಲ್ಲಿ_ಒಬ್ಬ
@ಕಡಲತಡಿ ಇಲ್ಲ ಸರ್, ಐಇಎಲ್‌ಟಿಎಸ್‌ನಲ್ಲಿ ಒಂದೇ ಸಲ. ಎರಡು ಸಲ ಕೇಳಿಸೋದು ಕೇಂಬ್ರಿಡ್ಜ್‌ನವರ ಬೇರೆ ಪರೀಕ್ಷೆ, ಬಿ2 ಫಸ್ಟ್ ಅಂತ ಬರುತ್ತಲ್ಲ ಅದು. ದಯವಿಟ್ಟು ಗೊತ್ತಿಲ್ದೆ ಹೇಳ್ಬೇಡಿ, ಯಾರಾದ್ರೂ ನಂಬಿ ಮೊದಲ ಸಲ ಕೈ ಕಟ್ಕೊಂಡು ಕೂತ್ರೆ ಮುಗೀತು ಅವ್ರ ಕಥೆ.

ಕಡಲತಡಿ
ಓ ಹೌದಾ, ಸಾರಿ. ತಂಗಿ ಬರೆದದ್ದು ಬಿ2 ಉಂಟಲ್ಲ ಅದೇ ಇರಬೇಕು.

ಹುಬ್ಬಳ್ಳಿ_ಮಾಸ್ತರ
ತಂಗೀ, ನಾ ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸೇನಿ, ಸ್ವಲ್ಪ ಉದ್ದ ಆಗ್ತೈತಿ, ಓದು.

ನೀನು ಐಸಿಯು ನರ್ಸ್ ಅಂತೀ. ಪೇಷಂಟಿಗೆ ಜ್ವರ ಬಂದೈತಿ, ದಿನಕ್ಕ ಹತ್ತು ಸಲ ಥರ್ಮಾಮೀಟರ್ ಇಟ್ಟು ಚಾರ್ಟಿನ್ಯಾಗ ಬರದ್ರ ಜ್ವರ ಇಳೀತದೇನು? ಮಾಕ್ ಟೆಸ್ಟ್ ಅಂದ್ರ ಥರ್ಮಾಮೀಟರ್. ನೀ ಮೂರು ತಿಂಗಳಿಂದ ಬರೇ ಟೆಂಪರೇಚರ್ ನೋಡಾಕತ್ತೀ, ಔಷಧಿ ಕೊಟ್ಟೇ ಇಲ್ಲ.

ಔಷಧಿ ಯಾವುದು ಅಂದ್ರ ಉಕ್ತಲೇಖನ. ಸಾಲ್ಯಾಗ ಮಾಸ್ತರು ಹೇಳ್ತಿದ್ರು, ನಾವು ಪಾಟಿ ಮ್ಯಾಲೆ ಬರೀತಿದ್ವಿ ನೋಡು, ಅದೇ. ಹೊಸಾ ಟೆಸ್ಟ್ ಮಾಡೂದು ಹದಿನೈದು ದಿನ ಬಂದ್ ಮಾಡು. ಈಗಾಗಲೇ ಮಾಡಿದ ಒಂದು ಟೆಸ್ಟ್ ತಗೋ, ಎರಡೇ ನಿಮಿಷದ ತುಂಡು. ಒಂದು ವಾಕ್ಯ ಕೇಳು, ನಿಲ್ಲಸು, ಕಿವಿಗೆ ಬಿದ್ದಿದ್ದೆಲ್ಲಾ ಬರಿ, ಉತ್ತರ ಅಷ್ಟೇ ಅಲ್ಲ, ಪೂರಾ ವಾಕ್ಯ. ತಿಳೀಲಿಲ್ಲಂದ್ರ ಮತ್ತ ಕೇಳು, ನಾಕೈದು ಸಲಕ್ಕಿಂತ ಹೆಚ್ಚಿಗಿ ಬ್ಯಾಡ. ಆಮ್ಯಾಲ ಆಡಿಯೋ ಸ್ಕ್ರಿಪ್ಟ್ ತಗದು ಕೆಂಪು ಪೆನ್ನಿಂದ ತಿದ್ದು. ಕೇಂಬ್ರಿಡ್ಜ್ ಪುಸ್ತಕದಾಗ ಹಿಂದ ಸ್ಕ್ರಿಪ್ಟ್ ಇರ್ತಾವ, ಯಾರೂ ಆ ಪುಟ ತಗ್ಯಂಗಿಲ್ಲ. ಎರಡು ನಿಮಿಷದ ತುಂಡಿಗೆ ಒಂದು ತಾಸು ಹೋಗ್ತದ, ಹೋಗ್ಲಿ.

ಆ ಕೆಂಪು ಗುರುತು ನೋಡಿದ್ರ ನಿನ್ನ ರೋಗ ಏನು ಅಂತ ನಿನಗ ತಿಳೀತದ. ಎಲ್ಲಾರಿಗೂ ಒಂದೇ ರೋಗ ಇರಂಗಿಲ್ಲ.

ನೈಟ್‌ಡ್ಯೂಟಿ_ನರ್ಸಮ್ಮ
ಸರ್ ಥರ್ಮಾಮೀಟರ್ ಮಾತು ಸರಿಯಾಗಿ ತಟ್ತು 🙏 ಆದ್ರೆ ಎರಡು ನಿಮಿಷಕ್ಕೆ ಒಂದು ಗಂಟೆ ಅಂದ್ರೆ ಒಂದು ಟೆಸ್ಟ್ ಮುಗಿಸೋಕೆ ಎರಡು ವಾರ ಆಗುತ್ತಲ್ಲ?

ಹುಬ್ಬಳ್ಳಿ_ಮಾಸ್ತರ
ಆಗ್ಲಿ. ಮುಗಸೂದೇನು ಬಸ್ ತಪ್ಪತೈತೇನು?

ಜಯನಗರ_4ನೇಬ್ಲಾಕ್
ಮೇಷ್ಟ್ರು ಹೇಳೋದು ಸರಿ ಇರಬಹುದು ಆದ್ರೆ ಪರೀಕ್ಷೆಯಲ್ಲಿ ನಿಲ್ಲಿಸಿ ನಿಲ್ಲಿಸಿ ಕೇಳೋಕೆ ಆಗಲ್ವಲ್ಲ. ಅಭ್ಯಾಸ ಕೂಡ ಪರೀಕ್ಷೆ ಥರಾನೇ ಇರ್ಬೇಕು. ನಂಗೆ 8 ಬಂದಿದ್ದು ಬರೀ ಟೆಸ್ಟ್ ಮಾಡಿ ಮಾಡಿ. ಕೊನೇ ತಿಂಗಳು ಇಪ್ಪತ್ತೆಂಟು ಟೆಸ್ಟ್.

ಮಂಡ್ಯದೈದ
ಸರ್ ನೀವು ಓದಿದ್ದು ಯಾವ ಮೀಡಿಯಂ?

ಜಯನಗರ_4ನೇಬ್ಲಾಕ್
ಇಂಗ್ಲಿಷ್. ಅದಕ್ಕೂ ಇದಕ್ಕೂ ಏನ್ ಸಂಬಂಧ?

ಮಂಡ್ಯದೈದ
ಏನೂ ಇಲ್ಲ ಬಿಡಿ, ಹುಟ್ಟಿದಾಗಿಂದ ಹೊಳೇಲಿ ಈಜ್ತಿದ್ದೋನು ಬಂದು "ನೀರಿಗೆ ಬಿದ್ರೆ ಸಾಕು ಕಣ್ರೀ" ಅಂದಂಗಾಯ್ತು ಅಷ್ಟೇ. ನಮ್ಗೆ ಸರ್ಕಾರಿ ಸ್ಕೂಲಲ್ಲಿ ಐದ್ನೇ ಕ್ಲಾಸಲ್ಲಿ ಎಬಿಸಿಡಿ ಶುರು. ಒಂದ್ನೇ ಕ್ಲಾಸಿಂದ ಇಂಗ್ಲಿಷ್ ಬಂದಿದ್ದೇ 2007-08ರ ಮೇಲೆ.

ಜಯನಗರ_4ನೇಬ್ಲಾಕ್
ಎಲ್ಲಾದಕ್ಕೂ ಮೀಡಿಯಂ ತಂದು ಹಾಕೋದು ಒಂದು ಚಟ ಆಗೋಗಿದೆ. ಕನ್ನಡ ಮೀಡಿಯಂನಲ್ಲಿ ಓದಿ 8.5 ತಗೊಂಡೋರು ನಂಗೇ ಗೊತ್ತು.

ಫಿಲ್ಟರ್‌ಕಾಪಿ
ಶುರುವಾಯ್ತು 🍿

ಕಿವಿಮಾತು
ಜಗಳ ಆಮೇಲೆ ಆಡಿ. ನಾನು ಪರೀಕ್ಷೆಗೆ ಕೂರೋರಿಗೆ ಮನೇಲಿ ಪಾಠ ಹೇಳ್ತೀನಿ, ನಮ್ಮ ಕನ್ನಡದೋರ ಪೇಪರ್ ತಿದ್ದಿ ತಿದ್ದಿ ನಾನು ಗಮನಿಸಿದ್ದು ಒಂದಿದೆ. ಕೊನೇ ಅಕ್ಷರ ನುಂಗೋದು.

ನಮ್ಮ ಮಾತು ಹೆಚ್ಚಾಗಿ ಸ್ವರದಲ್ಲೇ ಮುಗಿಯೋದು. ಬಸ್ ಬಂದ್ರೆ ನಾವು ಬಸ್ಸು ಮಾಡ್ತೀವಿ, ಲೈಟು, ಕಾರು, ಬ್ಯಾಂಕು. ಆ ಕೊನೇ "ಉ" ಬಂದ್ರೇನೇ ನಮ್ಮ ಕಿವಿಗೆ ಅದರ ಹಿಂದಿನ ವ್ಯಂಜನ ಗಟ್ಟಿಯಾಗಿ ಬೀಳೋದು. ಇಂಗ್ಲಿಷ್‌ನೋರು ಕೊನೇ ಟ, ಡ, ಸ ಎಲ್ಲ ಹಲ್ಲಿನ ಸಂದೀಲೇ ಬಿಟ್ಟು ಮುಂದಿನ ಪದಕ್ಕೆ ಹೋಗ್ಬಿಡ್ತಾರೆ. ಅದರ ಮೇಲೆ ಇನ್ನೊಂದು, ನಮಗೆ ಸಂಖ್ಯೆ ಹೇಳಿದ್ಮೇಲೆ ಬಹುವಚನ ಬೇಕಾಗೇ ಇಲ್ಲ. "ನಾಲ್ಕು ಟಿಕೆಟ್ ಕೊಡಿ" ಅಂತೀವಿ, "ನಾಲ್ಕು ಟಿಕೆಟ್‌ಗಳನ್ನು ಕೊಡಿ" ಅಂತ ಬಿಎಂಟಿಸಿ ಕಂಡಕ್ಟರ್ ಹತ್ರ ಅಂದ್ರೆ ಮೇಲಿಂದ ಕೆಳಗೆ ನೋಡ್ತಾನೆ. ಹಂಗಾಗಿ ಟಿಕೆಟ್ಸ್ ಅಂದಾಗ ಆ "ಸ್" ಕಿವಿಗೆ ಬಿದ್ರೂ ತಲೆ ಅದನ್ನ ಬೇಡದ್ದು ಅಂತ ಆಚೆ ಹಾಕುತ್ತೆ. ಪರೀಕ್ಷೇಲಿ ಟಿಕೆಟ್ಸ್ ಅನ್ನೋ ಜಾಗದಲ್ಲಿ ಟಿಕೆಟ್ ಬರೆದ್ರೆ ಸೊನ್ನೆ. ಅರ್ಧ ಮಾರ್ಕ್ ಕೊಡೋ ಪದ್ಧತಿ ಇಲ್ಲ.

ನರ್ಸಮ್ಮ, ನಿಮ್ಮ ಹಳೇ ಟೆಸ್ಟ್ ಎಲ್ಲ ತೆಗೆದು ಬರೀ ಇದೊಂದಕ್ಕೆ ಎಷ್ಟು ಹೋಗಿದೆ ಎಣಿಸಿ ನೋಡಿ.

ಜಯನಗರ_4ನೇಬ್ಲಾಕ್
ಥಿಯರಿ ಚೆನ್ನಾಗಿದೆ, ಆದ್ರೆ ಇಂಗ್ಲಿಷ್ ಮೀಡಿಯಂ ಮಕ್ಕಳೂ ಈ ತಪ್ಪು ಮಾಡ್ತಾರೆ, ಹಿಂದಿಯವರೂ ಮಾಡ್ತಾರೆ. ಹಿಂದಿಯಲ್ಲಿ ಪದ ವ್ಯಂಜನದಲ್ಲೇ ಮುಗಿಯುತ್ತೆ.

ಕಿವಿಮಾತು
ಮಾಡಲ್ಲ ಅಂದಿಲ್ಲ. ನಾನು ನಮ್ಮೋರ ಪೇಪರಲ್ಲಿ ನೋಡಿದ್ದು ಹೇಳಿದೆ.

ಲೆಸ್ಟರ್‌ನಲ್ಲಿ_ಒಬ್ಬ
ಇನ್ನೊಂದು ಥರ್ಟೀನ್, ಥರ್ಟಿ. ಕೊನೇ "ನ್" ಹಿಡಿಯೋಕೆ ಹೋಗ್ಬೇಡಿ, ಒತ್ತು ಎಲ್ಲಿದೆ ನೋಡಿ. ಥರ್ಟಿ ಅಂದಾಗ ಮುಂದೆ ಒತ್ತು, ಥರ್ಟೀನ್ ಅಂದಾಗ ಸಾಮಾನ್ಯವಾಗಿ ಹಿಂದೆ. ಫೋನ್ ನಂಬರ್ ಹೇಳುವಾಗ ಸೊನ್ನೆಗೆ ಇಲ್ಲಿ ಇಂಗ್ಲೆಂಡಲ್ಲಿ "ಓ" ಅಂತಾರೆ, ನಾನು ಮೊದಲ ಮಾಕ್ ಟೆಸ್ಟಲ್ಲಿ ನಂಬರ್ ಮಧ್ಯೆ ಇಂಗ್ಲಿಷ್ ಓ ಅಕ್ಷರ ಬರೆದಿಟ್ಟಿದ್ದೆ. ಆಸ್ಟ್ರೇಲಿಯಾದೋರು ಸ್ಪೆಲ್ಲಿಂಗ್ ಹೇಳುವಾಗ "ಏ" ಅಂದ್ರೆ ನಮಗೆ "ಐ" ಅಂತ ಕೇಳ್ಸುತ್ತೆ, ಹೆಸರು ಪೂರ್ತಿ ಉಲ್ಟಾ.

ನೈಟ್‌ಡ್ಯೂಟಿ_ನರ್ಸಮ್ಮ
ಅಯ್ಯೋ ಹದಿನೈದು ಐವತ್ತು ನಮ್ಮ ವಾರ್ಡಲ್ಲೇ ದಿನಾ ಇದೆ! ಡಾಕ್ಟರ್ ಫೋನಲ್ಲಿ ಡೋಸ್ ಹೇಳಿದ್ರೆ ನಾವು "ಒನ್ ಫೈವ್, ಫಿಫ್ಟೀನ್, ಹೌದಾ ಸರ್" ಅಂತ ವಾಪಸ್ ಓದಿ ಹೇಳಿ ಖಾತ್ರಿ ಮಾಡ್ಕೊಂಡೇ ಬರೆಯೋದು. ಈ ಪರೀಕ್ಷೇಲಿ ವಾಪಸ್ ಕೇಳೋಕೆ ಆಗಲ್ಲ ಅನ್ನೋದೇ ಬೇಜಾರು.

ಶಿವಮೊಗ್ಗ_ಮಳೆ
ಎಬಿಸಿ ರೇಡಿಯೋದ ಕ್ರಿಕೆಟ್ ಕಾಮೆಂಟ್ರಿ ಕೇಳಿ. ಆಸ್ಟ್ರೇಲಿಯಾ ಆಕ್ಸೆಂಟ್ ನಂಗೆ ಹಂಗೇ ಬಂದಿದ್ದು. ನಂಬರ್‌ಗಳಂತೂ ಸುರಿಮಳೆ.

ಮಂಡ್ಯದೈದ
ಅವ್ರು ಸ್ಕೋರ್ ಉಲ್ಟಾ ಹೇಳ್ತಾರೆ ಕಣ್ರೀ, ಮೊದ್ಲು ವಿಕೆಟ್ಟು ಆಮೇಲೆ ರನ್ನು. "ತ್ರೀ ಫಾರ್ ಫಿಫ್ಟಿ" ಅಂದ್ರೆ ಐವತ್ತಕ್ಕೆ ಮೂರು. ನಾನು ಒಂದ್ಸಲ ಬೆಳಗಿನ ಜಾವ ಎದ್ದು ಕೇಳಿ ಅರ್ಧಗಂಟೆ ತಲೆ ಕೆರ್ಕೊಂಡಿದೀನಿ.

ಶಿವಮೊಗ್ಗ_ಮಳೆ
ದ್ರಾವಿಡ್ ಅಡಿಲೇಡಲ್ಲಿ 233 ಹೊಡೆದಾಗ ಕಾಮೆಂಟ್ರಿ ಕೇಳಿದ್ರಾ ಯಾರಾದ್ರೂ? 2003 ಡಿಸೆಂಬರ್. ಎರಡನೇ ಇನಿಂಗ್ಸಲ್ಲೂ 72 ನಾಟೌಟ್, ಆ ಮ್ಯಾಚು...

ಕಿವಿಮಾತು
ದಯವಿಟ್ಟು ಬೇಡ 😄 ಇಲ್ಲಿ ಒಬ್ರು ಪರೀಕ್ಷೆ ಬಗ್ಗೆ ಕೇಳಿದಾರೆ.

ಗಂಧದಗುಡಿ_ಗೂಡು
ನೀವು ನರ್ಸ್ ತಾನೇ, ಐಇಎಲ್‌ಟಿಎಸ್ ಬಿಟ್ಟು ಓಇಟಿ ಬರೀರಿ. ಅದು ಆಸ್ಪತ್ರೆಯೋರಿಗೇ ಮಾಡಿದ್ದು. ಲಿಸನಿಂಗಲ್ಲಿ 42 ಪ್ರಶ್ನೆ, ಮೊದಲ ಭಾಗದಲ್ಲಿ ಪೇಷಂಟ್ ತನ್ನ ತೊಂದರೆ ಹೇಳ್ಕೋತಾರೆ, ನಾವು ನೋಟ್ಸ್‌ನಲ್ಲಿರೋ ಖಾಲಿಜಾಗ ತುಂಬೋದು. ಎರಡು ಪೇಷಂಟ್, 24 ಖಾಲಿಜಾಗ. ನಮಗೆ ದಿನಾ ಮಾಡೋ ಕೆಲಸ. ಐಇಎಲ್‌ಟಿಎಸ್ ಪಾರ್ಟ್ 4ರಲ್ಲಿ ಯಾವುದೋ ಹಕ್ಕಿ ವಲಸೆ, ಹಳೇ ಕಾಲದ ಇಟ್ಟಿಗೆ ಅಂತ ಲೆಕ್ಚರ್ ಹೊಡೀತಾರಲ್ಲ ಆ ಕಷ್ಟ ಇಲ್ಲ.

ಲೆಸ್ಟರ್‌ನಲ್ಲಿ_ಒಬ್ಬ
ಓಇಟಿ ಒಳ್ಳೇದೇ, ಆದ್ರೆ ಫೀಸು ಮೂವತ್ತು ಸಾವಿರ ದಾಟುತ್ತೆ. ರೈಟಿಂಗ್ ಬಿಟ್ಟು ಉಳಿದ ಮೂರಕ್ಕೂ ಬಿ ಗ್ರೇಡ್ ಅಂದ್ರೆ 350 ಬೇಕು. ಮೂರು ಮಾರ್ಕ್ಸ್ ದೂರದಲ್ಲಿರೋರು ಈಗ ಪರೀಕ್ಷೆನೇ ಬದಲಾಯಿಸಿ ಎಲ್ಲಾ ಮೊದಲಿಂದ ಕಲೀಬೇಕಾ ಯೋಚಿಸಿ.

ಮತ್ತೆ ಇನ್ನೊಂದು, ಎನ್‌ಎಂಸಿಯವರು ಎರಡು ಸಲ ಬರೆದಿದ್ದನ್ನ ಸೇರಿಸ್ಕೊಳ್ಳೋಕೆ ಬಿಡ್ತಾರೆ, ಕೆಲವು ಷರತ್ತಿದೆ, ಅವರ ಸೈಟಲ್ಲೇ ಓದ್ಕೊಳ್ಳಿ. ಒಂದೇ ಸ್ಕಿಲ್, ಅಂದ್ರೆ ನಿಮಗೆ ಲಿಸನಿಂಗ್ ಮಾತ್ರ, ಮತ್ತೆ ಬರೆಯೋ ಅವಕಾಶಾನೂ ಕಂಪ್ಯೂಟರ್ ಪರೀಕ್ಷೆಗೆ ಇದೆ, ಮೊದಲು ಬರೆದು 60 ದಿನದೊಳಗೆ. ಅದನ್ನ ಎಲ್ಲಾ ಕಡೆ ಒಪ್ಪಲ್ಲ, ದುಡ್ಡು ಕಟ್ಟೋ ಮುಂಚೆ ಕೇಳ್ಕೊಳ್ಳಿ.

ಕೋಚಿಂಗ್_ಕಾಟ
ನಾನು ಸೇರಿದ್ದ ಕಡೆ "ಈ ವಾರದ ಪರೀಕ್ಷೆ ಉತ್ತರ ನಮ್ಮ ಹತ್ರ ಇದೆ" ಅಂತ ಪಿಡಿಎಫ್ ಮಾರ್ತಿದ್ರು. ಸ್ನೇಹಿತ ಎರಡು ಸಾವಿರ ಕೊಟ್ಟು ತಗೊಂಡ. ಒಳಗೆ ಹೋದ್ರೆ ಒಂದೂ ಬರ್ಲಿಲ್ಲ, ಅವನು ಪಿಡಿಎಫ್‌ನಲ್ಲಿದ್ದ ಉತ್ತರ ಬರುತ್ತಾ ಬರುತ್ತಾ ಅಂತ ಕಾಯ್ತಾ ಕಾಯ್ತಾ ಬಂದಿದ್ದನ್ನೂ ಕೇಳಿಸ್ಕೊಳ್ಲಿಲ್ಲ. 5.5.

ಫಿಲ್ಟರ್‌ಕಾಪಿ
🤦

ನಾಟಿಂಗಂ_ನಾಟಿಕೋಳಿ
ನಾನು ಇಲ್ಲಿ ವಾರ್ಡಲ್ಲಿ ಎರಡು ವರ್ಷದಿಂದ ಇದೀನಿ, ಸತ್ಯ ಹೇಳ್ಲಾ? ಪರೀಕ್ಷೇಲಿ ಬರೋ ಇಂಗ್ಲಿಷ್ ದೇವರಂಥದ್ದು. ಮೊದಲ ವಾರ ಒಬ್ರು ಅಜ್ಜಿ "ಮಿ ಡಕ್, ಮಿ ಡಕ್" ಅಂತ ಕರೀತಾರೆ, ನಾನು ಅಜ್ಜಿಗೆ ಬಾತುಕೋಳಿ ಕಾಣಿಸ್ತಿದೆ, ಬುದ್ಧಿ ಭ್ರಮಣೆ ಇರ್ಬೇಕು ಅಂತ ಸಿಸ್ಟರ್‌ಗೆ ಹೋಗಿ ಹೇಳ್ದೆ. ಈ ಕಡೆ ಜನ "ಪುಟ್ಟಿ" ಅನ್ನೋ ಹಾಗೆ ಪ್ರೀತಿಯಿಂದ ಡಕ್ ಅಂತಾರಂತೆ! ಅದೇ ಅಜ್ಜಿ ಇನ್ನೊಂದಿನ "ಸ್ಪೆಂಡ್ ಎ ಪೆನ್ನಿ" ಮಾಡ್ಬೇಕು ಅಂದ್ರು, ನಾನು ಅವರ ಪರ್ಸ್ ತಂದ್ಕೊಟ್ಟೆ. ಅವರಿಗೆ ಬೇಕಾಗಿದ್ದು ಟಾಯ್ಲೆಟ್ಟು. ಹಿಂದೆ ಸಾರ್ವಜನಿಕ ಶೌಚಾಲಯಕ್ಕೆ ಒಂದು ಪೆನ್ನಿ ಹಾಕ್ಬೇಕಿತ್ತಂತೆ, ಆ ಮಾತು ಹಂಗೇ ಉಳ್ಕೊಂಡಿದೆ.

ನನಗೆ ಲಿಸನಿಂಗ್ 7.5 ಇತ್ತು. ಅಜ್ಜಿ ಮುಂದೆ 2.

ನೈಟ್‌ಡ್ಯೂಟಿ_ನರ್ಸಮ್ಮ
ಪರ್ಸ್ ತಂದ್ಕೊಟ್ಟೆ 😂😂 ಅಕ್ಕಾ ನೀವು ಪರೀಕ್ಷೆಗೆ ಹೆಂಗೆ ಓದಿದ್ರಿ?

ನಾಟಿಂಗಂ_ನಾಟಿಕೋಳಿ
ಮೇಷ್ಟ್ರು ಹೇಳಿದ್ದೇ, ನಂಗೆ ಆಗ ಅದಕ್ಕೆ ಹೆಸರು ಗೊತ್ತಿರ್ಲಿಲ್ಲ. ಜೊತೆಗೆ ಮಾತಾಡೋನ ಹಿಂದೇನೇ ನಾನೂ ಗಟ್ಟಿಯಾಗಿ ಹೇಳ್ತಿದ್ದೆ, ನೆರಳಿನ ಥರ, ಅರ್ಧ ಸೆಕೆಂಡ್ ಹಿಂದೆ. ಬಾಯಲ್ಲಿ ಬಂದಿದ್ದು ಕಿವಿಗೂ ಬರುತ್ತೆ. ಹಾಸ್ಟೆಲ್ ಟೆರೇಸಲ್ಲಿ ಒಬ್ಳೇ ಮಾತಾಡೋದು ನೋಡಿ ವಾರ್ಡನ್ ಮನೆಗೆ ಫೋನ್ ಮಾಡಿದ್ರು, ಅದು ಬೇರೆ ಕಥೆ.

ನಂಗೆ ಸಿಕ್ಕಾಪಟ್ಟೆ ತಪ್ಪಿಸಿದ್ದು ಮಾತು ಬದಲಾಯಿಸೋದು. "ಮಂಗಳವಾರ ಬರ್ತೀನಿ, ಓ ಇಲ್ಲ, ಅವತ್ತು ಡೆಂಟಿಸ್ಟ್ ಇದಾರೆ, ಗುರುವಾರ ಮಾಡೋಣ" ಅಂತಾರೆ. ನಾನು ಮಂಗಳವಾರ ಅಂದ ತಕ್ಷಣ ಬರೆದು ಮುಂದಿನ ಪ್ರಶ್ನೆ ಓದೋಕೆ ಹೋಗ್ತಿದ್ದೆ. ಮೊದಲು ಸಿಕ್ಕಿದ ಉತ್ತರ ಬಹಳ ಸಲ ಬಲೆ. ವಿಷಯ ಮುಗಿಸಿ ಮುಂದಕ್ಕೆ ಹೋದ್ರು ಅಂತ ಗೊತ್ತಾಗೋವರೆಗೂ ಕಿವಿ ತೆಗೀಬೇಡಿ.

ಕಿವಿಮಾತು
ಇದಕ್ಕೆ ನನ್ನ ಹತ್ರ ಒಂದು ವಾಕ್ಯ ಇದೆ, ಹೊಸಬರಿಗೆಲ್ಲ ಮೊದಲ ದಿನ ಇದನ್ನೇ ಕೊಡ್ತೀನಿ. "ದೇರ್ ಯೂಸ್ಡ್ ಟು ಬಿ ಎ ಕೆಫೆ, ಬಟ್ ಇಟ್ ಹ್ಯಾಸ್ ಬೀನ್ ಟರ್ನ್ಡ್ ಇಂಟು ಎ ಬುಕ್‌ಶಾಪ್." ಅಂದ್ರೆ ಮೊದಲು ಕೆಫೆ ಇತ್ತು, ಈಗ ಪುಸ್ತಕದಂಗಡಿ ಆಗಿದೆ. ಇದನ್ನ ಅಲ್ಲಿಯವರ ವೇಗದಲ್ಲಿ ಹೇಳಿದ್ರೆ "ದೆಯೂಸ್ಟಬಿಯ ಕೆಫೆ, ಬಟಿಟ್ಸ್‌ಬಿನ್ ಟನ್‌ಡಿಂಟುವ ಬುಕ್ಷಾಪ್". ಮ್ಯಾಪ್‌ನಲ್ಲಿ ಆ ಜಾಗದಲ್ಲಿ ಈಗ ಏನಿದೆ ಅಂತ ಕೇಳಿದ್ರೆ ಹೆಚ್ಚುಕಮ್ಮಿ ಎಲ್ರೂ ಕೆಫೆ ಅಂತಾರೆ. ಯಾಕಂದ್ರೆ ಗಟ್ಟಿಯಾಗಿ ಕೇಳಿದ್ದು ಅದೊಂದೇ. "ಯೂಸ್ಟ" ಅನ್ನೋ ಸಣ್ಣ ಸದ್ದು ಬಿಟ್ಟೋಗಿರುತ್ತೆ, ಉತ್ತರ ಇರೋದೇ ಆ ಸಣ್ಣ ಸದ್ದಲ್ಲಿ. ಪದ ಗೊತ್ತಿಲ್ಲ ಅನ್ನೋ ಸಮಸ್ಯೆ ಇದಲ್ಲ, ಐದನೇ ಕ್ಲಾಸಿನ ಪದಗಳೇ ಎಲ್ಲ.

ಹುಬ್ಬಳ್ಳಿ_ಮಾಸ್ತರ
ಭೇಷ್. "ಯೂಸ್ಟ" ನಾ ನಾಳೆ ಕ್ಲಾಸಿನ್ಯಾಗ ಹೇಳ್ತೀನಿ ನೋಡ್ರಿ.

ಜಯನಗರ_4ನೇಬ್ಲಾಕ್
ಸರಿ, ಒಂದು ಒಪ್ಕೋತೀನಿ, ನಾನು ಟೆಸ್ಟ್ ಮಾಡಿದ್ಮೇಲೆ ತಪ್ಪಾಗಿದ್ದನ್ನ ಸ್ಕ್ರಿಪ್ಟ್ ಇಟ್ಕೊಂಡು ಮತ್ತೆ ಕೇಳ್ತಿದ್ದೆ. ಅದನ್ನ ಹೇಳೋದು ಮರೆತಿದ್ದೆ, ಅದೇನು ದೊಡ್ಡ ವಿಷಯ ಅನ್ಸಿರ್ಲಿಲ್ಲ. ಆದ್ರೆ ಕೊನೇ ವಾರ ಪೂರ್ತಿ ಟೆಸ್ಟ್ ನಿಲ್ಲಿಸದೆ ಮಾಡ್ಲೇಬೇಕು. ಅರ್ಧ ಗಂಟೆ ಒಂದೇ ಸಮ ಗಮನ ಇಡೋದಕ್ಕೂ ಅಭ್ಯಾಸ ಬೇಕು.

ಮಂಡ್ಯದೈದ
ಈಗ ಬಂದ್ರಿ ದಾರಿಗೆ 😀

ಗಂಧದಗುಡಿ_ಗೂಡು
ಪೇಪರ್ ಮೇಲೆ ಬರೆಯೋ ಪರೀಕ್ಷೇಲಿ ಕೊನೇಲಿ 10 ನಿಮಿಷ ಕೊಡ್ತಿದ್ರು, ಉತ್ತರ ನೀಟಾಗಿ ಇಳಿಸ್ಕೊಳ್ಳೋಕೆ. ಕಂಪ್ಯೂಟರಲ್ಲೂ ಅಷ್ಟೇನಾ?

ಲೆಸ್ಟರ್‌ನಲ್ಲಿ_ಒಬ್ಬ
ಇಲ್ಲ, ಕಂಪ್ಯೂಟರಲ್ಲಿ 2 ನಿಮಿಷ, ಸರಿ ಇದೆಯಾ ನೋಡ್ಕೊಳ್ಳೋಕೆ ಮಾತ್ರ. ಕೇಳ್ತಾ ಕೇಳ್ತಾನೇ ಟೈಪ್ ಮಾಡ್ಬೇಕು. ಪೂರ್ತಿ ಕ್ಯಾಪಿಟಲ್ ಲೆಟರಲ್ಲಿ ಬರೆದ್ರೂ ನಡೆಯುತ್ತೆ. ಸ್ಪೆಲ್ಲಿಂಗ್ ತಪ್ಪಿದ್ರೆ ಮಾತ್ರ ಮಾರ್ಕ್ ಇಲ್ಲ. ಬ್ರಿಟಿಷ್ ಅಮೆರಿಕನ್ ಎರಡೂ ಸ್ಪೆಲ್ಲಿಂಗ್ ಓಕೆ.

ನೈಟ್‌ಡ್ಯೂಟಿ_ನರ್ಸಮ್ಮ
ಎಂಟು ದಿನ ಆಯ್ತು, ಬಂದು ಹೇಳ್ತೀನಿ ಅಂತ ಇದ್ದೆ. ಕಿವಿಮಾತು ಮೇಡಂ/ಸರ್ ಹೇಳಿದ ಹಾಗೆ ಹಳೇ ಹತ್ತು ಟೆಸ್ಟ್ ಕೆಂಪು ಪೆನ್ ಹಿಡ್ಕೊಂಡು ನೋಡ್ದೆ. ಒಟ್ಟು 131 ತಪ್ಪು. ಅದ್ರಲ್ಲಿ 34 ಬರೀ ಕೊನೇ "ಸ್" ಇಲ್ಲಾಂದ್ರೆ "ಡ್". 19 ಸ್ಪೆಲ್ಲಿಂಗ್, ಅದ್ರಲ್ಲೂ ವೆಡ್ನೆಸ್‌ಡೇ ಮೂರು ಸಲ, ನಾಚಿಕೆ ಆಯ್ತು. ಮೊದಲು ಹೇಳಿದ್ದನ್ನೇ ಬರೆದು ಸಿಕ್ಕಾಕೊಂಡಿದ್ದು 22. ಪಾರ್ಟ್ 4 ಲೆಕ್ಚರ್ ಅರ್ಥ ಆಗ್ದೇ ಹೋಗಿದ್ದು, ನಾನು ಅಷ್ಟು ಹೆದರ್ತಿದ್ದಿದ್ದು, ಬರೀ 14. ಇಷ್ಟು ದಿನ ನಾನು ಹಕ್ಕಿ ವಲಸೆ, ಇಟ್ಟಿಗೆ ಅಂತ ಪದಕೋಶ ಉರು ಹೊಡೀತಿದ್ದೆ.

ಉಕ್ತಲೇಖನ ದಿನಾ ಒಂದು ತಾಸು ಮಾಡ್ತಿದೀನಿ ಮೇಷ್ಟ್ರೇ. ಮೊದಲ ದಿನ ಎಂಟು ವಾಕ್ಯಕ್ಕೆ ಕಣ್ಣಲ್ಲಿ ನೀರು ಬಂತು, ಈಗ ಅಷ್ಟು ಕೋಪ ಬರಲ್ಲ. ರೂಮ್‌ಮೇಟ್‌ಗೂ ಹುಚ್ಚು ಹಿಡೀತು, ನಿನ್ನೆ ಅವಳೇ ಬಾತ್‌ರೂಮಿಂದ "ಅದು ಟಿಕೆಟ್ಸ್ ಕಣೇ, ಸ್ ಸ್" ಅಂತ ಕೂಗಿದ್ಳು. ಪರೀಕ್ಷೆ ಇನ್ನೂ ಬುಕ್ ಮಾಡಿಲ್ಲ, ಈ ತಿಂಗಳ ಸಂಬಳ ಬರ್ಲಿ.

ಹುಬ್ಬಳ್ಳಿ_ಮಾಸ್ತರ
ಆ 34ರ ಹಿಂದ ಬೀಳು ಮೊದಲ. ಉಳಿದಿದ್ದು ಆಮ್ಯಾಲ.

ಶಿವಮೊಗ್ಗ_ಮಳೆ
131ರಲ್ಲಿ ನೀವು ಹೇಳಿದ್ದು ಕೂಡಿದ್ರೆ 89 ಆಯ್ತು, ಉಳಿದ 42 ಏನು?

ನೈಟ್‌ಡ್ಯೂಟಿ_ನರ್ಸಮ್ಮ
ನಿದ್ದೆ ಸರ್ 😴 ನೈಟ್ ಮುಗಿಸಿ ಬಂದು ಮಾಡಿದ ಟೆಸ್ಟ್‌ಗಳು. ಪೇಪರ್ ಪಕ್ಕ ಗೆರೆ ಎಳ್ಕೊಂಡು ಹೋಗಿದೆ ಪೆನ್ನು.

ಕಡಲತಡಿ
ಒಂದು ಡೌಟು, ಅಲ್ಲಿ ಹೆಡ್‌ಫೋನ್ ವಾಲ್ಯೂಮ್ ನಾವೇ ಹೆಚ್ಚು ಕಮ್ಮಿ ಮಾಡ್ಲಿಕ್ಕೆ ಆಗ್ತದಾ?

ಲೆಸ್ಟರ್‌ನಲ್ಲಿ_ಒಬ್ಬ
ಕಂಪ್ಯೂಟರಲ್ಲಾದ್ರೆ ಆಗುತ್ತೆ. ಶುರುವಾಗೋ ಮುಂಚೆ ಸೌಂಡ್ ಚೆಕ್ ಮಾಡಿಸ್ತಾರೆ, ಆಗ್ಲೇ ಸರಿ ಮಾಡ್ಕೊಳ್ಳಿ. ಸರಿಯಾಗಿ ಕೇಳಿಸ್ತಿಲ್ಲ ಅಂದ್ರೆ ಅಲ್ಲೇ ಕೈ ಎತ್ತಿ, ಮುಗಿದ್ಮೇಲೆ ಹೇಳಿದ್ರೆ ಪ್ರಯೋಜನ ಇಲ್ಲ.